ಮೊಮ್ಮಕ್ಕಳನ್ನ ಬಿಟ್ಟು ಅಕ್ರಾಗೆ: ಮಾರ್ಮನ್ ಚರ್ಚಿನ ಹಿರಿಯ ದಂಪತಿಗಳ ಮಿಷನ್ ಹೇಗೆ ನಡೆಯುತ್ತೆ

ನಮ್ಮ ಕಡೆ ರಿಟೈರ್ ಆದ ಗಂಡ ಹೆಂಡತಿ ಫಾರಿನ್‌ಗೆ ಹೊರಟ್ರು ಅಂದ್ರೆ ಕಾರಣ ಹೆಚ್ಚುಕಮ್ಮಿ ಒಂದೇ, ಮಗಳ ಬಾಣಂತನ ಇಲ್ಲಾ ಮೊಮ್ಮಗುನ ನೋಡ್ಕೊಳ್ಳೋದು, ಆರು ತಿಂಗಳು ಇದ್ದು ವಾಪಸ್ ಬರ್ತಾರೆ. ಅಮೆರಿಕದ ಯೂಟಾ, ಐಡಾಹೋ ಕಡೆ ಒಂದು ದೊಡ್ಡ ಸಮುದಾಯದಲ್ಲಿ ಇದು ಉಲ್ಟಾ ನಡೆಯುತ್ತೆ. ಅರವತ್ತು ದಾಟಿದ ಗಂಡ ಹೆಂಡತಿ ಮೊಮ್ಮಕ್ಕಳನ್ನ ಬಿಟ್ಟು, ಮನೆ ಬೀಗದ ಕೈ ಮಕ್ಕಳಿಗೆ ಕೊಟ್ಟು, ಸ್ವಂತ ಪೆನ್ಷನ್ ದುಡ್ಡಲ್ಲಿ ಘಾನಾಕ್ಕೋ ಫಿಲಿಪೀನ್ಸ್‌ಗೋ ಹೋಗಿ ಒಂದೂವರೆ ವರ್ಷ ಚರ್ಚಿನ ಕೆಲಸ ಮಾಡಿ ಬರ್ತಾರೆ, ಅದಕ್ಕೆ ಸಂಬಳ ಅಂತ ಒಂದು ಪೈಸೆ ಇಲ್ಲ. ಇವರಿಗೆ ಸೀನಿಯರ್ ಮಿಷನರಿ ಕಪಲ್ ಅಂತಾರೆ. ಚರ್ಚಿನ ಪೂರ್ತಿ ಹೆಸರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್, ಜನ ಸಾಮಾನ್ಯವಾಗಿ ಮಾರ್ಮನ್ ಅಂತಾರೆ. 1830 ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಶುರು ಮಾಡಿದ್ದು, ಈಗ ಹೆಡ್ ಆಫೀಸು ಸಾಲ್ಟ್ ಲೇಕ್ ಸಿಟಿ, ಸದಸ್ಯರು 1 ಕೋಟಿ 70 ಲಕ್ಷಕ್ಕೂ ಹೆಚ್ಚು.

ಮಿಷನ್ ಅಂದ ಕೂಡಲೇ ನಮ್ಮವರಿಗೆ, ಅದರಲ್ಲೂ ಕರಾವಳಿಯವರಿಗೆ, ನೆನಪಾಗೋದು ಬಾಸೆಲ್ ಮಿಷನ್. 1834 ರಲ್ಲಿ ಮಂಗಳೂರಿಗೆ ಬಂದವರು, ಹಂಚಿನ ಕಾರ್ಖಾನೆ, ಪ್ರೆಸ್ಸು, 1843 ರಲ್ಲಿ ಮೊಗ್ಲಿಂಗ್ ತಂದ ಪತ್ರಿಕೆ, ಆಮೇಲೆ ಕಿಟೆಲ್ ನಿಘಂಟು. ಅವರೆಲ್ಲ ಹರೆಯದಲ್ಲಿ ಹಡಗು ಹತ್ತಿ ಬಂದು ಭಾಷೆ ಕಲಿತು ವರ್ಷಗಟ್ಟಲೆ ಇಲ್ಲೇ ಬೇರು ಬಿಟ್ಟವರು, ಎಷ್ಟೋ ಜನ ಇಲ್ಲೇ ಮಣ್ಣಾದ್ರು. ಆ ಚಿತ್ರ ಇಟ್ಕೊಂಡು ಮಾರ್ಮನ್ ಹಿರಿಯ ದಂಪತಿಗಳನ್ನ ನೋಡಿದ್ರೆ ಏನೂ ಅರ್ಥ ಆಗಲ್ಲ. ಇವರು ಜೀವನದ ಕೊನೇ ಭಾಗದಲ್ಲಿ ಹೊರಡ್ತಾರೆ, ವಾಪಸ್ ಬರೋ ತಾರೀಕು ಮೊದಲೇ ಗೊತ್ತಿರುತ್ತೆ, ಮತ್ತೆ ಬಹಳಷ್ಟು ಜನ ಅಲ್ಲಿ ಪ್ರಚಾರ ಅನ್ನೋ ಕೆಲಸ ಮಾಡೋದೇ ಕಮ್ಮಿ.

ಹಾಗಾದ್ರೆ ಇವರನ್ನ ಕಳಿಸೋದು ಯಾಕೆ ಅನ್ನೋದು ಗೊತ್ತಾಗಬೇಕಾದ್ರೆ ಈ ಚರ್ಚಿನ ಒಳಗಿನ ವ್ಯವಸ್ಥೆ ಸ್ವಲ್ಪ ನೋಡಬೇಕು. ಇಲ್ಲಿ ಊರಿನ ಸಭೆಗೆ ಸಂಬಳದ ಪಾದ್ರಿ ಇಲ್ಲ. ಬಿಷಪ್ ಅಂತ ಇರೋವ್ರು ವಾರವಿಡೀ ಡೆಂಟಿಸ್ಟೋ ಮೇಷ್ಟ್ರೋ ಆಗಿದ್ದು, ಸಂಜೆ ಮತ್ತೆ ಭಾನುವಾರ ಸಭೆ ನಡೆಸ್ತಾರೆ. ಲೆಕ್ಕ ಬರೆಯೋವ್ರು, ಭಾನುವಾರದ ಪಾಠ ಹೇಳೋವ್ರು, ಮಕ್ಕಳ ಕ್ಲಾಸು ನೋಡೋವ್ರು, ಕಷ್ಟದಲ್ಲಿರೋರ ಮನೆಗೆ ಹೋಗಿಬರೋವ್ರು ಎಲ್ಲರೂ ಹೀಗೇ, ಕೆಲವು ವರ್ಷಕ್ಕೊಮ್ಮೆ ಕೆಲಸ ಬದಲಾಗ್ತಾ ಇರುತ್ತೆ. ಯೂಟಾದಲ್ಲಿ ಹುಟ್ಟಿ ಬೆಳೆದವರಿಗೆ ಇದೆಲ್ಲ ಅಪ್ಪ ಅಮ್ಮನ್ನ ನೋಡಿ ನೋಡಿ ತಾನಾಗಿ ಬಂದಿರುತ್ತೆ. ಆದ್ರೆ ಮೊನ್ನೆ ಮೊನ್ನೆ ಶುರುವಾದ ಒಂದು ಊರಿನ ಸಭೆಯಲ್ಲಿ ಅಧ್ಯಕ್ಷರೇ ಮೂರು ವರ್ಷದ ಹಿಂದೆ ದೀಕ್ಷಾಸ್ನಾನ ತಗೊಂಡವರಾಗಿರ್ತಾರೆ, ನೋಡಿ ಕಲಿಯೋಕೆ ಅವರಿಗೆ ಮುಂದೆ ಯಾರೂ ಇಲ್ಲ. ನನ್ನ ಪ್ರಕಾರ ಹಿರಿಯ ದಂಪತಿಗಳ ಮಿಷನ್ ಅನ್ನೋದರ ತಿರುಳು ಇಲ್ಲೇ ಇರೋದು. ಇವರ ಜೊತೆ ಚರ್ಚು ಕಳಿಸೋದು ನಲವತ್ತು ವರ್ಷದ ಅನುಭವವನ್ನ. ಸಭೆ ನಡೆಸಿದ್ದು, ಜಗಳ ಬಿಡಿಸಿದ್ದು, ಲೆಕ್ಕದಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದಾಗ ಕೂತು ಹುಡುಕಿದ್ದು, ಇದು ಪುಸ್ತಕ ಓದಿ ಬರೋ ವಿದ್ಯೆ ಅಲ್ಲ, ಪಕ್ಕದಲ್ಲಿ ಒಬ್ಬರು ಕೂತಿದ್ರೇ ಬರೋದು.

ಬಿಳಿ ಅಂಗಿ, ಟೈ, ಎದೆ ಮೇಲೆ ಕಪ್ಪು ನೇಮ್ ಟ್ಯಾಗ್ ಹಾಕ್ಕೊಂಡು ಜೋಡಿಯಾಗಿ ಓಡಾಡೋ ಹುಡುಗರನ್ನ ನೀವು ನೋಡಿರಬಹುದು. ಅವರು ಹದಿನೆಂಟು ಹತ್ತೊಂಬತ್ತರ ವಯಸ್ಸಿನವರು, ಎರಡು ವರ್ಷ ಪೂರ್ತಿ ಮಿಷನ್, ಬೆಳಗ್ಗೆ ಏಳೋದ್ರಿಂದ ರಾತ್ರಿ ಮಲಗೋವರೆಗೂ ಟೈಮ್ ಟೇಬಲ್, ಜೊತೆಗಾರ ಯಾರು ಅನ್ನೋದನ್ನ ಆ ಪ್ರದೇಶದ ಮಿಷನರಿಗಳನ್ನೆಲ್ಲ ನೋಡ್ಕೊಳ್ಳೋ ಮಿಷನ್ ಅಧ್ಯಕ್ಷರೇ ಹೇಳ್ತಾರೆ. ಹಿರಿಯರಿಗೆ ಆ ಬಿಗಿ ಇಲ್ಲ. ಮನೆ ಮನೆ ಬಾಗಿಲು ತಟ್ಟಬೇಕಿಲ್ಲ, ಏಳೋ ಹೊತ್ತು ಅವರ ಆರೋಗ್ಯಕ್ಕೆ ತಕ್ಕ ಹಾಗೆ, ಮಕ್ಕಳಿಗೆ ಯಾವಾಗ ಬೇಕಾದ್ರೂ ಫೋನ್ ಮಾಡಬಹುದು. 6, 12, 18, 23 ತಿಂಗಳು ಅಂತ ಅವಧಿ ಇದೆ, ಯಾವುದು ಆಗುತ್ತೋ ಅದನ್ನ ಹೇಳಬಹುದು. ಮನೇಲಿ 18 ವರ್ಷಕ್ಕಿಂತ ಚಿಕ್ಕ ಮಕ್ಕಳು ಇರಬಾರದು. ಜೊತೆಗಾರ ಯಾರು ಅನ್ನೋ ಪ್ರಶ್ನೆ ಇಲ್ಲಿಲ್ಲ, ಅದು ಕಟ್ಕೊಂಡ ಗಂಡ ಇಲ್ಲಾ ಹೆಂಡತಿ.

ಈ ಅನುಭವ ಕಳಿಸೋದು ಎಷ್ಟು ಮುಖ್ಯ ಅನ್ನೋದಕ್ಕೆ ಪಶ್ಚಿಮ ಆಫ್ರಿಕಾಗಿಂತ ಒಳ್ಳೆ ಉದಾಹರಣೆ ಇಲ್ಲ. ಈ ಚರ್ಚು ಬಹಳ ವರ್ಷ ಕಪ್ಪು ಜನಾಂಗದ ಗಂಡಸರಿಗೆ, ಸಭೆ ನಡೆಸೋಕೆ ಬೇಕಾದ ಪುರೋಹಿತ ಅಧಿಕಾರ ಕೊಡ್ತಿರಲಿಲ್ಲ, ಅದು ಇವರ ಇತಿಹಾಸದ ನೋವಿನ ಭಾಗ, ಅದನ್ನ ಬಿಟ್ಟು ಈ ಕಥೆ ಹೇಳೋಕಾಗಲ್ಲ. ಆದರೂ ಅದೇ ಸಮಯಕ್ಕೆ ಘಾನಾ, ನೈಜೀರಿಯಾದಲ್ಲಿ ಯಾವ ಮಿಷನರಿಯೂ ಕಾಲಿಡದೇನೇ ಬರೀ ಈ ಚರ್ಚಿನ ಪುಸ್ತಕ ಓದಿ ಜನ ತಾವೇ ಸಭೆ ಕಟ್ಕೊಂಡು, ನಮ್ಮನ್ನ ಸೇರಿಸ್ಕೊಳ್ಳಿ ಅಂತ ಸಾಲ್ಟ್ ಲೇಕ್‌ಗೆ ಕಾಗದ ಬರೀತಾ ಇದ್ರು. ಘಾನಾದಲ್ಲಿ ಬಿಲ್ಲಿ ಜಾನ್ಸನ್ ಅನ್ನೋವ್ರು 1964 ರಿಂದಲೇ ಇಂಥ ಸಭೆಗಳನ್ನ ನಡೆಸ್ತಿದ್ರು. 1978 ರ ಜೂನ್‌ನಲ್ಲಿ ಆಗಿನ ಅಧ್ಯಕ್ಷ ಸ್ಪೆನ್ಸರ್ ಕಿಂಬಲ್ ಆ ನಿರ್ಬಂಧ ತೆಗೆದ್ರು. ಆಮೇಲೆ ಮೊದಲಿಗೆ ಅಲ್ಲಿಗೆ ಕಳಿಸಿದ್ದು ಹದಿಹರೆಯದ ಹುಡುಗರನ್ನಲ್ಲ, ಎರಡು ಹಿರಿಯ ದಂಪತಿಗಳನ್ನ: ರೆಂಡೆಲ್ ಮತ್ತು ರೇಚಲ್ ಮೇಬಿ, ಎಡ್ವಿನ್ ಮತ್ತು ಜ್ಯಾನೆತ್ ಕ್ಯಾನನ್. ಮೇಬಿಯವರಿಗೆ ಆಗ 70 ವಯಸ್ಸು. ಜ್ಯಾನೆತ್ ಕ್ಯಾನನ್ ಅಂತೂ ಇಡೀ ಚರ್ಚಿನ ಹೆಂಗಸರ ಸಂಘ ಇದೆಯಲ್ಲ, ರಿಲೀಫ್ ಸೊಸೈಟಿ, ಅದರ ಜಾಗತಿಕ ಪದಾಧಿಕಾರಿಯಾಗಿದ್ದವರು, ಅಷ್ಟು ದೊಡ್ಡ ಜವಾಬ್ದಾರಿ ಬಿಟ್ಟು ಗಂಡನ ಜೊತೆ ಹೊರಟ್ರು.

1978 ರ ನವೆಂಬರ್ 21 ಕ್ಕೆ ನೈಜೀರಿಯಾದಲ್ಲಿ ಆಂಟನಿ ಒಬಿನ್ನಾ ಅನ್ನೋ ಮೇಷ್ಟ್ರು, ಅವರ ಹೆಂಡತಿ ಫಿಡೇಲಿಯಾ, ಎಲ್ಲ ಸೇರಿ 19 ಜನ ನದಿಯಲ್ಲಿ ದೀಕ್ಷಾಸ್ನಾನ ತಗೊಂಡ್ರು. ಅವತ್ತೇ ಒಬಿನ್ನಾ ಅವರನ್ನ ಆ ಸಭೆಗೆ ಅಧ್ಯಕ್ಷರನ್ನಾಗಿ ಮಾಡಿದ್ರು, ಫಿಡೇಲಿಯಾ ಹೆಂಗಸರ ಸಂಘಕ್ಕೆ ಮುಖ್ಯಸ್ಥೆ. ಬಂದ ಅಮೆರಿಕನ್ನರು ಕುರ್ಚಿ ತಗೊಳ್ಳಲಿಲ್ಲ. ಡಿಸೆಂಬರ್‌ನಲ್ಲಿ ಘಾನಾದ ಕೇಪ್ ಕೋಸ್ಟ್‌ನಲ್ಲಿ ಜಾನ್ಸನ್ ಅವರ ಸರದಿ. ಒಂದು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಜನ ಸೇರಿದ್ರು, ಊರೂರಿಗೆ ಸಭೆ ಆಯ್ತು. ಮುಂದೆ 1989 ರ ಜೂನ್‌ನಲ್ಲಿ ಘಾನಾ ಸರ್ಕಾರ ಈ ಚರ್ಚಿನ ಚಟುವಟಿಕೆಯನ್ನೇ ನಿಲ್ಲಿಸಿ ವಿದೇಶಿ ಮಿಷನರಿಗಳಿಗೆ ಒಂದು ವಾರದಲ್ಲಿ ದೇಶ ಬಿಡಿ ಅಂತು. ಹದಿನೇಳು ತಿಂಗಳು ಚರ್ಚಿನ ಕಟ್ಟಡಕ್ಕೆ ಬೀಗ, ಜನ ಮನೆಯಲ್ಲೇ ಆರಾಧನೆ ಮಾಡ್ಕೊಂಡ್ರು. 1990 ರ ನವೆಂಬರ್‌ನಲ್ಲಿ ಬೀಗ ತೆಗೆದಾಗ ಸಭೆಗಳು ಉಳಿದಿದ್ವು, ಯಾಕಂದ್ರೆ ನಡೆಸೋವ್ರು ಸ್ಥಳೀಯರೇ ಆಗಿದ್ರು. 2004 ರಲ್ಲಿ ಘಾನಾದ ರಾಜಧಾನಿ ಅಕ್ರಾದಲ್ಲಿ ಅವರ ದೇವಾಲಯ, ಅಂದ್ರೆ ಟೆಂಪಲ್, ಉದ್ಘಾಟನೆ ಆಯ್ತು, ಈಗ ಪಶ್ಚಿಮ ಆಫ್ರಿಕಾದ ಕಚೇರಿ ಇರೋದೂ ಅಕ್ರಾದಲ್ಲೇ.

ಅದೇ 1978 ರ ಡಿಸೆಂಬರ್‌ನಲ್ಲಿ ನಮ್ಮ ಪಕ್ಕದ ಹೈದರಾಬಾದಲ್ಲೂ ಒಂದು ದಂಪತಿಯಿಂದಲೇ ಶುರುವಾಗಿದ್ದು. ಎಡ್ವಿನ್ ಧರ್ಮರಾಜು ಅನ್ನೋ ಕೀಟಶಾಸ್ತ್ರಜ್ಞರು ಸಮೋವಾ ದ್ವೀಪದಲ್ಲಿ ಕೆಲಸದಲ್ಲಿದ್ದಾಗ ಹೆಂಡತಿ ಎಲ್ಸಿ ಜೊತೆ ಈ ಚರ್ಚು ಸೇರಿದ್ರು, ಆಮೇಲೆ ಚರ್ಚು ಅವರಿಬ್ಬರನ್ನೇ ಊರಿಗೆ ಮಿಷನ್ ಮೇಲೆ ಕಳಿಸ್ತು, 22 ಜನ ಬಂಧುಗಳು ಸೇರಿದ್ರು. 1993 ರಲ್ಲಿ ಬೆಂಗಳೂರು ಹೆಸರಲ್ಲಿ ಮಿಷನ್ ಶುರುವಾದಾಗ ಮೊದಲ ಅಧ್ಯಕ್ಷರಾಗಿ ಬಂದವರು ಪಂಜಾಬ್ ಮೂಲದ ಗುರುಚರಣ್ ಸಿಂಗ್ ಗಿಲ್, ಯೂಟಾದಲ್ಲಿ ಗಣಿತದ ಪ್ರೊಫೆಸರ್ ಆಗಿದ್ದವರು. ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಇವರ ಭಾರತದ ಮೊದಲ ಟೆಂಪಲ್ ಅಂತ 2018 ರ ಏಪ್ರಿಲ್‌ನಲ್ಲಿ ಘೋಷಣೆ ಆಗಿ 2020 ರ ಡಿಸೆಂಬರ್‌ನಲ್ಲಿ ಭೂಮಿಪೂಜೆ ಆಯ್ತು. ಇಂಡಿಯಾಕ್ಕೆ ಬರೋ ವಿದೇಶಿಯರಿಗೆ ವೀಸಾ ನಿಯಮ ಬಿಗಿ, ಟೂರಿಸ್ಟ್ ವೀಸಾದಲ್ಲಿ ಬಂದು ಧರ್ಮಪ್ರಚಾರ ಮಾಡೋ ಹಾಗಿಲ್ಲ, ಮಿಷನರಿ ವೀಸಾನೇ ಬೇರೆ.

ಈಗ ಒಂದು ಜೋಡಿ ಹೊರಡೋದು ಹೇಗೆ ಅಂತ ನೋಡೋಣ. ಇಬ್ಬರೂ ಹೋಗಿ ತಮ್ಮ ಬಿಷಪ್ ಹತ್ರ ಮಾತಾಡ್ತಾರೆ, ಡಾಕ್ಟರು ಡೆಂಟಿಸ್ಟು ಫಾರಂ ತುಂಬಿಸ್ತಾರೆ, ಯಾವ ಥರದ ಕೆಲಸ, ಯಾವ ಭಾಗ, ಎಷ್ಟು ತಿಂಗಳು ಅಂತ ತಮ್ಮ ಇಷ್ಟ ಹೇಳಬಹುದು, ಆದ್ರೆ ಕೊನೇ ಮಾತು ಸಾಲ್ಟ್ ಲೇಕ್‌ನದು. ಅಲ್ಲಿಂದ ಕರೆ ಬರುತ್ತೆ, ಇಂಥ ದೇಶ, ಇಂಥ ತಾರೀಕು ಅಂತ. ಆಮೇಲೆ ಯೂಟಾದ ಪ್ರೋವೋ ಊರಿನ ಟ್ರೈನಿಂಗ್ ಸೆಂಟರ್‌ನಲ್ಲಿ ಚಿಕ್ಕ ತರಬೇತಿ, ಹುಡುಗರ ಹಾಗೆ ವಾರಗಟ್ಟಲೆ ಭಾಷೆ ಕಲಿಯೋದು ಸಾಮಾನ್ಯವಾಗಿ ಇರಲ್ಲ. ಘಾನಾ ಆದ್ರೆ ಯೆಲ್ಲೋ ಫೀವರ್ ಲಸಿಕೆಯ ಕಾರ್ಡು ಇಲ್ಲದೆ ಒಳಗೆ ಬಿಡಲ್ಲ, ಮಲೇರಿಯಾ ಮಾತ್ರೆ ಬೇರೆ, ಅದರ ಜೊತೆ ಅವರವರ ಬಿಪಿ ಶುಗರ್ ಮಾತ್ರೆ. ಸೂಟ್‌ಕೇಸಲ್ಲಿ ಬಟ್ಟೆಗಿಂತ ಔಷಧಿಯ ಜಾಗನೇ ಮೊದಲು ನೋಡ್ಕೋಬೇಕು.

ದಂಪತಿಗಳು ಯಾಕೆ ಹಿಂಜರಿತಾರೆ ಅನ್ನೋದಕ್ಕೆ ಈ ಚರ್ಚಿನ ಹಿರಿಯ ನಾಯಕರಲ್ಲೊಬ್ಬರಾಗಿದ್ದ ರಾಬರ್ಟ್ ಹೇಲ್ಸ್ 2001 ರಲ್ಲೇ ನಾಲ್ಕು ಕಾರಣ ಹೇಳಿದ್ರು: ಭಯ, ಮನೆಯವರ ಚಿಂತೆ, ನಮಗೆ ಹೊಂದೋ ಕೆಲಸ ಸಿಗುತ್ತೋ ಇಲ್ವೋ ಅನ್ನೋದು, ದುಡ್ಡು. ನನಗೆ ಇದು ತುಂಬ ಪ್ರಾಮಾಣಿಕ ಪಟ್ಟಿ ಅನ್ಸುತ್ತೆ, ಯಾಕಂದ್ರೆ ಭಕ್ತಿ ಕಮ್ಮಿ ಅಂತ ಯಾರ ಮೇಲೂ ಹೊರಿಸಿಲ್ಲ.

ದುಡ್ಡಿನ ವಿಷಯ ಬಿಡಿಸಿ ಹೇಳ್ತೀನಿ. ಬಾಡಿಗೆ, ಊಟ, ಇನ್ಶೂರೆನ್ಸು, ಮನೆಯ ಖರ್ಚು ಎಲ್ಲ ದಂಪತಿಗಳದ್ದೇ. ಅಮೆರಿಕ ಸರ್ಕಾರ ವಯಸ್ಸಾದವರಿಗೆ ಕೊಡೋ ಆರೋಗ್ಯ ವಿಮೆ, ಮೆಡಿಕೇರ್, ದೇಶದ ಹೊರಗೆ ಹೆಚ್ಚುಕಮ್ಮಿ ನಡೆಯೋದೇ ಇಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು. ಕೆಲವು ದೇಶದ ಬಾಡಿಗೆ ಕೇಳಿಯೇ ಜನ ಹಿಂದೆ ಸರೀತಿದ್ರು, ಅದಕ್ಕೇ 2011 ರಲ್ಲಿ ಮನೆ ಖರ್ಚಿಗೆ ತಿಂಗಳಿಗೆ 1,400 ಡಾಲರ್ ಮಿತಿ ಹಾಕಿದ್ರು, ಅದರ ಮೇಲಾದ್ರೆ ಚರ್ಚು ಕಟ್ಟುತ್ತೆ ಅಂತ ಆಗ ನಿಯಮ ಮಾಡಿದ್ರು. ಇಲ್ಲಿ ಒಂದು ಪ್ರಶ್ನೆ ಏಳೋದು ಸಹಜ. ಈ ಚರ್ಚು ಬಡ ಚರ್ಚಲ್ಲ, ಸದಸ್ಯರು ಆದಾಯದ ಹತ್ತನೇ ಒಂದು ಭಾಗ ಕೊಡ್ತಾರೆ, ಹೂಡಿಕೆ 100 ಬಿಲಿಯನ್ ಡಾಲರ್ ಆಸುಪಾಸಿದೆ ಅಂತ 2019 ರಲ್ಲಿ ದೊಡ್ಡ ಸುದ್ದಿಯಾಗಿತ್ತು, ಆ ಹೂಡಿಕೆಯ ವಿವರ ಸರಿಯಾಗಿ ತೋರಿಸಲಿಲ್ಲ ಅಂತ 2023 ರಲ್ಲಿ ಅಮೆರಿಕದ ಷೇರು ನಿಯಂತ್ರಣ ಸಂಸ್ಥೆ ಚರ್ಚಿಗೂ ಅದರ ಹೂಡಿಕೆ ಕಂಪನಿಗೂ ಸೇರಿಸಿ 50 ಲಕ್ಷ ಡಾಲರ್ ದಂಡ ಹಾಕ್ತು. ಹಾಗಿದ್ದಾಗ ವಯಸ್ಸಾದವರ ಕೈಯಲ್ಲೇ ಖರ್ಚು ಮಾಡಿಸೋದು ಯಾಕೆ ಅಂತ ಸದಸ್ಯರೇ ಕೇಳೋದುಂಟು. ಕೈಯಿಂದ ಕೊಟ್ಟು ಮಾಡಿದ್ರೇನೇ ಅದು ಅರ್ಪಣೆ ಅನ್ನೋದು ಹೋಗೋವ್ರ ನಂಬಿಕೆ. ಆ ನಂಬಿಕೆಯನ್ನ ನಾನು ಗೌರವಿಸ್ತೀನಿ, ಆದ್ರೆ ಪೆನ್ಷನ್ ಸಾಕಾಗದ ದಂಪತಿಗಳಿಗೆ, ಅದರಲ್ಲೂ ಘಾನಾ, ಫಿಲಿಪೀನ್ಸ್‌ನ ಹಿರಿಯರಿಗೆ, ಈ ಬಾಗಿಲು ಅಷ್ಟು ಸುಲಭವಾಗಿ ತೆರೆಯಲ್ಲ ಅನ್ನೋದೂ ಅಷ್ಟೇ ನಿಜ, ಇದನ್ನ ಸರಿ ಮಾಡಬೇಕು ಅಂತಲೇ ನನ್ನ ಅಭಿಪ್ರಾಯ.

ಅಲ್ಲಿ ಹೋಗಿ ಮಾಡೋದೇನು? ಕೆಲಸದ ವೈವಿಧ್ಯ ಜಾಸ್ತಿ. ಡಾಕ್ಟರ್ ಆಗಿದ್ದವರು ಇಡೀ ಪ್ರದೇಶದ ಮಿಷನರಿ ಹುಡುಗರ ಆರೋಗ್ಯ ಫೋನಲ್ಲೇ ನೋಡ್ತಾರೆ. ಕೆಲವರು ಹಳೇ ದಾಖಲೆ ಫೋಟೋ ತೆಗೆಸಿ ಉಳಿಸೋ ಕೆಲಸದಲ್ಲಿ, ಘಾನಾದಲ್ಲಂತೂ ಊರ ಹಿರಿಯರು ಬಾಯಲ್ಲಿ ಹೇಳೋ ವಂಶಾವಳಿ ಬರೆದಿಟ್ಟುಕೊಳ್ಳೋ ಕೆಲಸವೂ ನಡೆದಿದೆ. ಕೆಲವರು ಬೋರ್‌ವೆಲ್, ವೀಲ್‌ಚೇರ್, ಹುಟ್ಟಿದ ಕೂಡಲೇ ಉಸಿರಾಡದ ಮಗುವಿಗೆ ಉಸಿರು ಕೊಡೋದು ಹೇಗೆ ಅಂತ ಸ್ಥಳೀಯ ನರ್ಸ್‌ಗಳಿಗೆ ತರಬೇತಿ ಕೊಡಿಸೋದು, ಇಂಥದ್ದರಲ್ಲಿ. ಬೋರ್‌ವೆಲ್ ಅಂದ್ರೆ ಕೊರೆಸಿ ಹೋಗೋದಲ್ಲ, ಊರಲ್ಲಿ ಒಂದು ನೀರಿನ ಸಮಿತಿ ಆಗಬೇಕು, ಪಂಪು ಕೆಟ್ರೆ ರಿಪೇರಿ ಯಾರು ಮಾಡಿಸ್ತಾರೆ, ಅದರ ದುಡ್ಡು ಎಲ್ಲಿಂದ ಅನ್ನೋದು ಮೊದಲೇ ತೀರ್ಮಾನ ಆಗಬೇಕು, ದಂಪತಿಗಳ ಅರ್ಧ ಸಮಯ ಈ ಮಾತುಕತೆಗೇ ಹೋಗುತ್ತೆ.

ಆದ್ರೆ ಯಾರ ಕಣ್ಣಿಗೂ ಬೀಳದೆ ಎಲ್ಲವನ್ನೂ ಎತ್ತಿ ಹಿಡಿಯೋದು ಮಿಷನ್ ಆಫೀಸಿನ ಕೆಲಸ. ನೂರಕ್ಕೂ ಹೆಚ್ಚು ಹುಡುಗ ಹುಡುಗಿಯರು ಬೇರೆ ಬೇರೆ ಊರಲ್ಲಿ ಬಾಡಿಗೆ ಮನೆಯಲ್ಲಿ ಇದಾರೆ ಅಂತ ಅಂದ್ಕೊಳ್ಳಿ, ಅಷ್ಟೂ ಮನೆಯ ಬಾಡಿಗೆ, ಕರೆಂಟು, ಓನರ್ ಜೊತೆ ಜಗಳ, ವೀಸಾ ರಿನ್ಯೂವಲ್, ಕಾರುಗಳ ಸರ್ವಿಸು, ಬರೋವ್ರ ಹೋಗೋವ್ರ ವಿಮಾನದ ಟಿಕೆಟು, ಇದನ್ನೆಲ್ಲ ನೋಡೋದು ಸಾಮಾನ್ಯವಾಗಿ ಒಂದೋ ಎರಡೋ ಹಿರಿಯ ಜೋಡಿ. ಅಕ್ರಾದಲ್ಲಿ ಮನೆ ತಪಾಸಣೆಯ ದಿನ ಹೀಗಿರುತ್ತೆ. ಬೆಳಗ್ಗೆ ಟ್ರಾಫಿಕ್ ಏರೋ ಮುಂಚೆ ಹೊರಡಬೇಕು, ಇಲ್ಲಾಂದ್ರೆ ಟ್ರೋಟ್ರೋ ವ್ಯಾನುಗಳ ಮಧ್ಯೆ ಸಿಕ್ಕಿಹಾಕ್ಕೊಂಡು ಮಧ್ಯಾಹ್ನ ಆಗುತ್ತೆ, ತಲೆ ಮೇಲೆ ನೀರಿನ ಪಾಕೀಟು ಹೊತ್ತು ಮಾರೋ ಹೆಂಗಸರು ಕಿಟಕಿ ಪಕ್ಕಕ್ಕೆ ಬರ್ತಾ ಇರ್ತಾರೆ. ಹುಡುಗರ ಮನೆ ತಲುಪಿದ ಮೇಲೆ ಆ ಅಮ್ಮ ಸೀದಾ ಅಡುಗೆಮನೆಗೆ, ನೀರಿನ ಫಿಲ್ಟರ್ ಬಿಚ್ಚಿ ಒಳಗಿನ ಕ್ಯಾಂಡಲ್ ತೆಗೆದು ಬೆರಳಲ್ಲಿ ಸವರಿ ನೋಡ್ತಾರೆ, ಕಂದು ಬಣ್ಣದ ಲೋಳೆ ಇದ್ರೆ ಈ ಮನೆಯ ಹುಡುಗರಿಗೆ ಮುಂದಿನ ವಾರ ಹೊಟ್ಟೆ ಕೆಡೋದು ಗ್ಯಾರಂಟಿ ಅಂತ ಅರ್ಥ, ಅಲ್ಲೇ ಉಜ್ಜಿ ತೊಳೆದು ತೋರಿಸಿ ಮತ್ತೆ ಹುಡುಗನ ಕೈಲಿ ಮಾಡಿಸ್ತಾರೆ. ಅಷ್ಟೊತ್ತಿಗೆ ಗಂಡ ಸೊಳ್ಳೆ ಪರದೆಯಲ್ಲಿ ತೂತು ಇದೆಯಾ, ಹೊಗೆ ಅಲಾರಂ ಬ್ಯಾಟರಿ ಇದೆಯಾ, ಮೇಲಿನ ಟ್ಯಾಂಕಲ್ಲಿ ನೀರು ಬರ್ತಿದೆಯಾ ಅಂತ ನೋಡ್ಕೊಂಡು ಬರ್ತಾರೆ. ಮೂಲೆಯಲ್ಲಿ ಒಬ್ಬ ಹುಡುಗ ಸುಮ್ನೆ ಕೂತಿದ್ರೆ ಅವನ ಪಕ್ಕ ಹೋಗಿ ಕೂರ್ತಾರೆ. ಮನೆ ಬಿಟ್ಟು ನಾಲ್ಕು ತಿಂಗಳಾಗಿರೋ ಹುಡುಗನಿಗೆ ಅಜ್ಜಿ ವಯಸ್ಸಿನವರು ಊಟ ಮಾಡಿದ್ಯಾ ಅಂತ ಕೇಳೋದು ಎಷ್ಟು ದೊಡ್ಡ ವಿಷಯ ಅಂತ ಹಾಸ್ಟೆಲಲ್ಲಿ ಇದ್ದವರಿಗೆಲ್ಲ ಗೊತ್ತು.

ಭಾನುವಾರ ಇನ್ನೊಂದು ಥರ. ಸಣ್ಣ ಊರಿನ ಸಭೆಯಲ್ಲಿ ಹಿಂದಿನ ಬೆಂಚಲ್ಲಿ ಕೂರ್ತಾರೆ. ಮುಂದೆ ನಡೆಸೋವ್ರು ಸ್ಥಳೀಯರು. ಸಭೆ ಮುಗಿದ ಮೇಲೆ ಗಂಡ ಲೆಕ್ಕದ ಹುಡುಗನ ಜೊತೆ ಕಂಪ್ಯೂಟರ್ ಮುಂದೆ, ಹೆಂಡತಿ ನಾಲ್ಕು ಮಕ್ಕಳನ್ನ ಕೂರಿಸ್ಕೊಂಡು ಕೀಬೋರ್ಡಲ್ಲಿ ಸ್ತೋತ್ರ ನುಡಿಸೋದು ಕಲಿಸ್ತಾರೆ. ಇಲ್ಲಿನ ದೊಡ್ಡ ಕಷ್ಟ ಸುಮ್ಮನಿರೋದು. ಮೂವತ್ತು ವರ್ಷ ಆಫೀಸಲ್ಲಿ ಮ್ಯಾನೇಜರ್ ಆಗಿದ್ದವರಿಗೆ ಕಣ್ಣೆದುರು ಒಬ್ಬರು ತಪ್ಪು ಮಾಡ್ತಿದ್ರೂ ಕೈ ಹಾಕದೆ, ಅವರೇ ಕೇಳೋವರೆಗೆ ಕಾಯೋದು ಸಾಮಾನ್ಯ ಸಂಯಮ ಅಲ್ಲ. ಕೈ ಹಾಕಿದ್ರೆ ಈ ಜೋಡಿ ಹೋದ ಮಾರನೇ ದಿನವೇ ಆ ಕೆಲಸ ನಿಂತುಹೋಗುತ್ತೆ, ಜೊತೆಗೆ ಬಿಳಿಯರು ಬಂದು ನಮ್ಮನ್ನ ಆಳ್ತಿದಾರೆ ಅನ್ನೋ ಹಳೇ ಗಾಯಕ್ಕೂ ಕೈ ತಾಗುತ್ತೆ. ಇದನ್ನ ಅರ್ಥ ಮಾಡ್ಕೊಂಡ ದಂಪತಿಗಳನ್ನ ಊರವರು ವರ್ಷಗಟ್ಟಲೆ ನೆನೆಸ್ಕೊಳ್ತಾರೆ, ಅರ್ಥ ಆಗದೇ ಇದ್ದವರು ತಾವೂ ಬೇಜಾರಾಗಿ ವಾಪಸ್ ಹೋಗ್ತಾರೆ.

ಗಂಡ ಹೆಂಡತಿ ನಡುವೆ ಏನಾಗುತ್ತೆ ಅನ್ನೋದರ ಬಗ್ಗೆ ಜನ ಕಮ್ಮಿ ಮಾತಾಡ್ತಾರೆ. ನಲವತ್ತು ವರ್ಷ ಒಬ್ಬರು ಬೆಳಗ್ಗೆ ಹೋಗಿ ಸಂಜೆ ಬರೋ ಸಂಸಾರ ಮಾಡಿದವರು ಈಗ ಇಪ್ಪತ್ನಾಲ್ಕು ಗಂಟೆ ಜೊತೆಗೆ, ಒಂದೇ ಮೇಜು, ಒಂದೇ ಕಾರು, ಎರಡು ರೂಮಿನ ಮನೆ, ಕರೆಂಟು ಹೋದ ರಾತ್ರಿ ಸೆಖೆ. ಊರಲ್ಲಿ ಮುನಿಸ್ಕೊಂಡ್ರೆ ತಂಗಿ ಮನೆಗೋ ಗೆಳತಿ ಮನೆಗೋ ಹೋಗಬಹುದಿತ್ತು, ಇಲ್ಲಿ ಅದೂ ಇಲ್ಲ. ಹಾಗಾಗಿ ಜಗಳ ಬೇಗ ಮುಗಿಸೋದು ಕಲೀಲೇಬೇಕು. ಇನ್ನೊಂದು, ಎಷ್ಟೋ ಜೋಡಿಗಳಲ್ಲಿ ಮೊದಲ ಸಲ ಹೆಂಡತಿಯ ಕೆಲಸವೂ ಗಂಡನ ಕೆಲಸವೂ ಒಂದೇ ಸಮಕ್ಕೆ ಲೆಕ್ಕಕ್ಕೆ ಬರುತ್ತೆ, ಇಬ್ಬರ ಎದೆ ಮೇಲೂ ಅದೇ ಕಪ್ಪು ಟ್ಯಾಗು.

ಮೊಮ್ಮಕ್ಕಳ ವಿಷಯಕ್ಕೆ ಯಾವ ಉಪಾಯವೂ ಇಲ್ಲ, ವೀಡಿಯೋ ಕಾಲಲ್ಲಿ ಮಗು ನಡೆಯೋಕೆ ಶುರು ಮಾಡಿದ್ದು ನೋಡ್ತಾರೆ ಅಷ್ಟೆ. ಮನೇಲಿ ತೀರಾ ಅಗತ್ಯ ಬಿದ್ರೆ ಮಿಷನ್ ಅಧ್ಯಕ್ಷರ ಒಪ್ಪಿಗೆ ತಗೊಂಡು ಸ್ವಂತ ಖರ್ಚಲ್ಲಿ ಕೆಲವು ದಿನ ಹೋಗಿಬರೋಕೆ ಅವಕಾಶ ಇದೆ. ಮೊಮ್ಮಕ್ಕಳ ಜೊತೆ ಮನೇಲೇ ಇದ್ದು ಕೊಡೋದಕ್ಕಿಂತ ಈ ಸೇವೆಯಿಂದ ಅವರಿಗೆ ಹೆಚ್ಚು ಒಳ್ಳೇದಾಗುತ್ತೆ ಅಂತ ಚರ್ಚಿನ ನಾಯಕ ಜೆಫ್ರಿ ಹಾಲಂಡ್ 2011 ರ ಸಭೆಯಲ್ಲಿ ಹೇಳಿದ್ರು. ನಂಬೋವ್ರಿಗೆ ಅದು ಧೈರ್ಯ. ಆದ್ರೆ ಎರಡು ಪುಟ್ಟ ಮಕ್ಕಳನ್ನ ಇಟ್ಕೊಂಡು ಒದ್ದಾಡೋ ಮಗಳಿಗೆ ಆ ಹದಿನೆಂಟು ತಿಂಗಳು ಅಮ್ಮ ಇಲ್ಲದ ಹದಿನೆಂಟು ತಿಂಗಳೇ, ಅವಳ ತ್ಯಾಗವನ್ನೂ ಈ ಲೆಕ್ಕದಲ್ಲಿ ಸೇರಿಸಬೇಕು.

ಮುಗಿಸಿ ಊರಿಗೆ ಬಂದ ಮೇಲೆ ಸ್ಥಳೀಯ ಅಧ್ಯಕ್ಷರು ಅವರನ್ನ ಮಿಷನ್ ಜವಾಬ್ದಾರಿಯಿಂದ ಬಿಡುಗಡೆ ಮಾಡ್ತಾರೆ, ಟ್ಯಾಗು ತೆಗೀತಾರೆ. ಮೊದಲ ಕೆಲವು ತಿಂಗಳು ಹಗಲು ಹೇಗೆ ಕಳೀಬೇಕು ಅನ್ನೋದೇ ತಿಳಿಯಲ್ಲ ಅಂತ ಬಂದವರು ಹೇಳ್ತಾರೆ, ಬೆಳಗ್ಗೆ ಎದ್ರೆ ಯಾರ ಫಿಲ್ಟರೂ ತೊಳೆಯೋದಿಲ್ಲ, ಯಾವ ಹುಡುಗನ ಜ್ವರವೂ ಇಲ್ಲ. 2020 ರ ಮಾರ್ಚ್‌ನಲ್ಲಿ ಕೋವಿಡ್ ಬಂದು ವಿದೇಶದಲ್ಲಿದ್ದ ಬಹಳಷ್ಟು ಜನರನ್ನ ಗಡಿಬಿಡಿಯಲ್ಲಿ ವಾಪಸ್ ಕರೆಸಿದಾಗ ಅರ್ಧಕ್ಕೇ ಬಿಟ್ಟು ಬಂದ ಜೋಡಿಗಳಿಗೆ ಇದು ಇನ್ನೂ ಕಷ್ಟ ಆಯ್ತು. ಈಗಲೂ ಬೇಡಿಕೆ ಇರೋವಷ್ಟು ದಂಪತಿಗಳು ಸಿಗ್ತಾ ಇಲ್ಲ, 2023 ರ ಅಕ್ಟೋಬರ್‌ನ ಸಮ್ಮೇಳನದಲ್ಲಿ ರೊನಾಲ್ಡ್ ರಾಸ್‌ಬ್ಯಾಂಡ್ ತಮ್ಮ ಪೂರ್ತಿ ಭಾಷಣವನ್ನೇ ಹಿರಿಯರನ್ನ ಹೊರಡಿ ಅಂತ ಕೇಳ್ಕೊಳ್ಳೋದಕ್ಕೆ ಇಟ್ರು. ದೂರ ಹೋಗೋಕಾಗದವರಿಗೆ ಮನೆಯಿಂದಲೇ ಮಾಡೋ ಸೇವೆಯೂ ಇದೆ. ಒಮ್ಮೆ ಹೋಗಿ ಬಂದವರಲ್ಲಿ ಕೆಲವರು ಒಂದೆರಡು ವರ್ಷ ಮೊಮ್ಮಕ್ಕಳ ಜೊತೆ ಇದ್ದು, ಮಂಡಿ ನೋವಿಗೆ ಆಪರೇಷನ್ ಮಾಡಿಸ್ಕೊಂಡು, ಮತ್ತೆ ಅದೇ ಬಿಷಪ್ ಆಫೀಸಿಗೆ ಹೋಗಿ ಎರಡನೇ ಸಲದ ಫಾರಂ ಕೇಳ್ತಾರೆ.